ವೇಣೂರಿನ ಶಕೆ, ಯುನಿಕ್ಸಿನ ಸೆಕೆಂಡು: ಕಾಲದ ಲೆಕ್ಕ ಹಿಗ್ಗಿಸಿದ ಚರಿತ್ರೆ

ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಅಲ್ಲಿನ ಅರಸ ತಿಮ್ಮಣ್ಣಾಜಿಲ ಗೊಮ್ಮಟನನ್ನು ನಿಲ್ಲಿಸಿದ್ದು 1604ರ ಮಾರ್ಚ್ 1ರಂದು. ಶಾಸನ ಆ ವರ್ಷವನ್ನು ಎರಡು ಬಗೆಯಲ್ಲಿ ಹೇಳುತ್ತದೆ: ಶಕ 1525, ಶೋಭಕೃತ್ ಸಂವತ್ಸರ. ಸಂವತ್ಸರದ ಹೆಸರು ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. 2024ರ ಮಹಾಮಸ್ತಕಾಭಿಷೇಕ ನಡೆದದ್ದೂ ಶೋಭಕೃತ್‌ನಲ್ಲೇ. ನಡುವೆ ಏಳು ಸುತ್ತು, 420 ವರ್ಷ. ಯಾವ ಸುತ್ತಿನ ಶೋಭಕೃತ್ ಎಂಬುದನ್ನು ತಿಳಿಸುವುದು ಶಕ ಸಂಖ್ಯೆ ಮಾತ್ರ. ಮೂಡುಬಿದಿರೆಯ ಬಸದಿಗಳ ಶಾಸನ ಓದುವವರು ನೆಚ್ಚುವುದೂ ಈ ಜೋಡಿ ಲೆಕ್ಕವನ್ನೇ.

ಗಣಕಗಳ ಕಾಲದ ಲೆಕ್ಕಕ್ಕೂ ಇಂಥದೇ ಸುತ್ತಿನ ತೊಡಕಿದೆ. ಯುನಿಕ್ಸ್ ಬಳಗದ ಗಣಕಗಳು 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತವೆ. ಆ ಸಂಖ್ಯೆಗೆ ಬಹುಕಾಲ ಮೀಸಲಾಗಿದ್ದದ್ದು 32 ಬಿಟ್, ಅಂದರೆ ನಾಲ್ಕು ಬೈಟ್. ಅದರಲ್ಲಿ ಹಿಡಿಯುವ ದೊಡ್ಡ ಸಂಖ್ಯೆ 2,147,483,647. ನಮ್ಮ ಗಡಿಯಾರದಲ್ಲಿ 2038ರ ಜನವರಿ 19ರ ಬೆಳಿಗ್ಗೆ 8:44:07ಕ್ಕೆ ಅದು ತುಂಬುತ್ತದೆ. ಮರುಕ್ಷಣ ಗಣಕಕ್ಕೆ 1901ರ ಡಿಸೆಂಬರ್. ಪಂಚಾಂಗದ ಮಾತಲ್ಲಿ ಹೇಳುವುದಾದರೆ ಪಿಂಗಳದಿಂದ ಪ್ಲವಕ್ಕೆ ಜಾರಿದಂತೆ!

ನಾಲ್ಕು ಬೈಟನ್ನು ಎಂಟು ಮಾಡಿದರೆ ಮುಗಿಯಿತಲ್ಲ ಎನ್ನಬಹುದು. ತೊಡಕಿರುವುದು ಅಗಲದಲ್ಲಲ್ಲ, ಒಪ್ಪಂದದಲ್ಲಿ. ಬಿಸುವಿನಿಂದ ವರ್ಷ ಎಣಿಸುವ ಬಂಟ್ವಾಳದ ಕೃಷಿಕನೂ ಯುಗಾದಿಯಿಂದ ಎಣಿಸುವ ಘಟ್ಟದ ಮೇಲಿನವನೂ ‘ಹೊಸ ವರ್ಷದ ಮೊದಲ ದಿನ ಬಾಕಿ ಚುಕ್ತಾ’ ಎಂದು ಕರಾರು ಮಾಡಿಕೊಂಡರೆ ಮಾತು ಒಂದೇ, ದಿನ ಬೇರೆ. ಪ್ರೋಗ್ರಾಮು ಮತ್ತು ಲೈಬ್ರರಿಗಳ ನಡುವೆಯೂ ಹೀಗೆಯೇ. ಎರಡನ್ನೂ ಬೇರೆ ಬೇರೆ ಕಾಲದಲ್ಲಿ ಕಂಪೈಲ್ ಮಾಡಿರುತ್ತಾರೆ. ಸೆಕೆಂಡು, ಮೈಕ್ರೋಸೆಕೆಂಡು ಸೇರಿದ ಒಂದು ದಾಖಲೆಗೆ ಹಳೆಯ ಪ್ರೋಗ್ರಾಮು ಎಂಟು ಬೈಟಿನ ಜಾಗ ಬಿಟ್ಟಿರುತ್ತದೆ. ಹೊಸ ಲೈಬ್ರರಿ ಅಲ್ಲಿ ಹದಿನಾರು ಬೈಟ್ ಬರೆಯುತ್ತದೆ. ಪಕ್ಕದ ಮಾಹಿತಿ ಅಳಿಸಿಹೋಗುತ್ತದೆ. ಸಿ ಭಾಷೆಯ ಲಿಂಕರ್ ಫಂಕ್ಷನ್ನಿನ ಹೆಸರನ್ನಷ್ಟೇ ತಾಳೆ ನೋಡುವುದರಿಂದ ಎಚ್ಚರಿಕೆಯ ಸೊಲ್ಲೂ ಹೊರಡದು.

ಇದಕ್ಕೆ ಮದ್ದು ಹುಡುಕಿದವರ ದಾರಿಗಳು ಕವಲೊಡೆದವು. ಯುನಿಕ್ಸ್ ಬಳಗದ ಕಾರ್ಯಾಚರಣ ವ್ಯವಸ್ಥೆಗಳಲ್ಲೊಂದಾದ 2014ರ ಓಪನ್‌ಬಿಎಸ್‌ಡಿ 5.5 ಎಲ್ಲವನ್ನೂ ಒಮ್ಮೆಲೇ 64 ಬಿಟ್‌ಗೆ ತಂದು ಹಳೆಯ ಬೈನರಿಗಳ ಕೈಬಿಟ್ಟಿತು. ಇಡೀ ವ್ಯವಸ್ಥೆಯ ಆಕರ ಸಂಕೇತ ಒಂದೇ ಮನೆಯಲ್ಲಿದ್ದವರಿಗೆ ಅದು ಸಾಧ್ಯವಾಯಿತು. ಲಿನಕ್ಸ್‌ನಲ್ಲಿ ಕರ್ನಲ್ಲೇ ಬೇರೆ, ಲೈಬ್ರರಿಗಳೇ ಬೇರೆ. 2020ರ 5.6 ಕರ್ನಲ್ ಹೊತ್ತಿಗೆ ತಳಪಾಯ ಸಿದ್ಧವಾಗಿತ್ತು. 2021ರಲ್ಲಿ ಬಂದ, ಸಿ ಭಾಷೆಯ ಮೂಲ ಲೈಬ್ರರಿಯಾದ ಜಿಲಿಬ್‌ಸಿ 2.34 ಹಳೆಯ ಫಂಕ್ಷನ್ನುಗಳನ್ನು ಹಾಗೆಯೇ ಉಳಿಸಿ, ಹೊಸತನ್ನು ಕೇಳಿದವರಿಗೆ ಮಾತ್ರ ಕೊಟ್ಟಿತು. ಜಾಣ ಉಪಾಯ ನಿಜ, ಆದರೆ ನನ್ನ ಲೆಕ್ಕದಲ್ಲಿ ಅದು ಹೊರೆಯನ್ನು ಇಳಿಸಲಿಲ್ಲ, ಮಗ್ಗುಲಿಗೆ ದಾಟಿಸಿತು. ತಮ್ಮ ಫಂಕ್ಷನ್ನುಗಳಲ್ಲಿ ಕಾಲದ ಬೆಲೆಯನ್ನು ಕೊಟ್ಟು ತೆಗೆದುಕೊಳ್ಳುವ ನಡುವಿನ ಲೈಬ್ರರಿಗಳಿಗೆ ಹಳೆಯದು, ಹೊಸದು ಎಂಬ ಎರಡು ಮುಖ ಇರಲಿಲ್ಲ.

ಆ ಹೊರೆ ಹೊತ್ತದ್ದು ಲಿನಕ್ಸ್ ಕರ್ನಲ್ಲನ್ನೂ ಲೈಬ್ರರಿಗಳನ್ನೂ ಒಟ್ಟುಗೂಡಿಸಿ ಹಂಚುವ ಡೆಬಿಯನ್. 2024ರಲ್ಲಿ ಅದು ಅಂಥ ಲೈಬ್ರರಿಗಳ ಪ್ಯಾಕೇಜುಗಳ ಹೆಸರಿಗೆ ‘ಟಿ64’ ಎಂಬ ಬಾಲ ಸೇರಿಸಿ, ಅವುಗಳನ್ನು ನೆಚ್ಚಿದ್ದನ್ನೆಲ್ಲ ಮತ್ತೆ ಕಟ್ಟಿತು. ಶೋಭಕೃತ್‌ಗೆ ಶಕ 1525 ಸೇರಿಸಿದ ಶಾಸನಕಾರನ ಕೆಲಸವೇ ಇದು: ಹೆಸರಿನಲ್ಲೇ ಸುತ್ತನ್ನು ಗುರುತಿಸುವುದು. 32 ಬಿಟ್‌ನ ಆರ್ಮ್ ಯಂತ್ರಗಳು ಹೀಗೆ ಹೊಸ ಅಳತೆಗೆ ಬಂದವು. ಇಂಟೆಲ್‌ನ ಹಳೆಯ 32 ಬಿಟ್ ಬಗೆಯನ್ನು ಮಾತ್ರ ಡೆಬಿಯನ್ ಬೇಕೆಂದೇ ಮುಟ್ಟಲಿಲ್ಲ. ಆಕರ ಸಂಕೇತ ಕೈಗೆ ಸಿಗದ, ಬೈನರಿಯಾಗಿಯಷ್ಟೇ ಉಳಿದಿರುವ ಹಳೆಯ ಪ್ರೋಗ್ರಾಮುಗಳನ್ನು ಓಡಿಸುವುದೇ ಅದರ ಮುಖ್ಯ ಕೆಲಸವಾಗಿತ್ತು.