ಮಂಚದಿಂದ ಗ್ಯಾರೇಜಿಗೆ

ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಪಶ್ಚಿಮ ಲಂಡನ್ನಿನ ಶೆಫರ್ಡ್ಸ್ ಬುಷ್ ಸೇನಾ ಆಸ್ಪತ್ರೆಯ ಕೆಲಸಕ್ಕೆ ರಾಜರೊಬ್ಬರು ಕೈಜೋಡಿಸಿದರು. ಅವರು ಪೋರ್ಚುಗಲ್ಲಿನ ಕೊನೆಯ ದೊರೆ ಎರಡನೆಯ ಮ್ಯಾನುಯೆಲ್. 1910ರ ಕ್ರಾಂತಿಯಲ್ಲಿ ಸಿಂಹಾಸನ ಕಳೆದುಕೊಂಡು ಇಂಗ್ಲೆಂಡಿಗೆ ಬಂದು ನೆಲೆಸಿದ್ದರು. ಬ್ರಿಟಿಷ್ ರೆಡ್ ಕ್ರಾಸ್ ಪರವಾಗಿ ಅವರು ಆಸ್ಪತ್ರೆಯೊಳಗೆ ಕಾರ್ಯಾಗಾರಗಳನ್ನು ಕಟ್ಟಿಸಲು ನೆರವಾದರು. ಗುಂಡೇಟು ತಿಂದು, ಆಪರೇಷನ್ ಮಾಡಿಸಿಕೊಂಡು, ಇನ್ನೂ ಊರುಗೋಲು ಬಿಡದ ಸೈನಿಕರು ಅಲ್ಲಿ ಗರಗಸ, ಉಳಿ, ಅರ ಹಿಡಿದು ದುಡಿಯುತ್ತಿದ್ದರು.

ಇದರ ಹಿಂದಿನ ತಲೆ ಮೂಳೆತಜ್ಞ ರಾಬರ್ಟ್ ಜೋನ್ಸ್ ಅವರದು. ಭುಜವೋ ಮೊಣಕೈಯೋ ಬಿಗಿದುಕೊಂಡವನ ಕೈಗೆ ಗರಗಸ. ಪಾದದ ಕೀಲು ಜಡವಾದವನಿಗೆ ಕಾಲಲ್ಲಿ ತುಳಿಯುವ ಯಂತ್ರ. ‘ಕೈ ಮಡಚು, ಬಿಡಿಸು’ ಎಂದು ಯಾರೂ ಎಣಿಸುತ್ತ ನಿಲ್ಲಬೇಕಿರಲಿಲ್ಲ. ರೋಗಿಯ ಗಮನವೆಲ್ಲ ಕುಯ್ಯುತ್ತಿರುವ ಹಲಗೆಯ ಮೇಲೆ. ಅಷ್ಟರಲ್ಲಿ ಕೀಲು ತನ್ನ ಪಾಡಿಗೆ ಸಡಿಲವಾಗುತ್ತಿತ್ತು.

ಆಪರೇಷನ್ ಆಗಿ ಮನೆಯಲ್ಲಿ ಚೇತರಿಸಿಕೊಳ್ಳುವ ದಿನಗಳಲ್ಲಿ ಹಳೆಯ ಕಾರೊಂದನ್ನು ಬಿಚ್ಚಿ ಜೋಡಿಸುತ್ತ ಕೂರುವ ಹವ್ಯಾಸಿಗಳು ಇಂದು ಬ್ರಿಟನ್ನಿನಲ್ಲಿ ಅಪರೂಪವಲ್ಲ. ನೋಡಿದವರಿಗೆ ಅದು ಕಾಸು, ಪುರುಸೊತ್ತು ಎರಡೂ ಇದ್ದವರ ಶೋಕಿಯೆನಿಸಬಹುದು. ಆದರೆ ಈ ರೂಢಿಯ ಎರಡು ಬೇರುಗಳೂ ಹೊಟ್ಟೆಪಾಡಿನ ನೆಲದಲ್ಲಿವೆ. ರೋಗಿಯನ್ನು ಮಂಚದಿಂದ ಎಬ್ಬಿಸಿ ಕೆಲಸಕ್ಕೆ ಹಚ್ಚಿದ್ದು ಯುದ್ಧಕಾಲದ ಆಳಿನ ಕೊರತೆ. ಮನೆಯ ಯಜಮಾನನನ್ನು ಮೆಕ್ಯಾನಿಕ್ ಮಾಡಿದ್ದು ಯುದ್ಧಾನಂತರದ ಕಾರಿನ ಕೊರತೆ. ಪ್ರೀತಿ ಹುಟ್ಟಿದ್ದು ಆಮೇಲೆ.

ಜೋನ್ಸ್ ಅವರಿಗಿಂತ ಮೊದಲಿನ ವೈದ್ಯರಿಗೆ ವಿಶ್ರಾಂತಿಯೇ ಪರಮೌಷಧ. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಿಲ್ಟನ್ 1863ರಲ್ಲಿ ವಿಶ್ರಾಂತಿಯ ಗುಣವನ್ನು ಹೊಗಳಿಯೇ ಒಂದು ಗ್ರಂಥ ಬರೆದಿದ್ದರು. ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸ್ ಅವರಂತೂ ಮುರಿದ ಮೂಳೆ, ಹುಣ್ಣಾದ ಕೀಲು ಯಾವುದೇ ಇರಲಿ, ತಿಂಗಳುಗಟ್ಟಲೆ ಅಲುಗಾಡದಂತೆ ಕಟ್ಟಿಹಾಕಬೇಕೆಂದು ಹಟ ಹಿಡಿದವರು. ಜೋನ್ಸ್ ಅದೇ ಥಾಮಸರ ಸಂಬಂಧಿ, ಅವರ ಬಳಿಯೇ ಕೆಲಸ ಕಲಿತವರು. ಹರ್ನಿಯಾ ಆಪರೇಷನ್ ಆದವರನ್ನು ಎರಡು ಮೂರು ವಾರ ಮಲಗಿಸುವುದು ಇಪ್ಪತ್ತನೆಯ ಶತಮಾನದ ಆರಂಭದಲ್ಲೂ ಮಾಮೂಲಿಯಾಗಿತ್ತು. ವಾರ್ಡೆಂದರೆ ನಮ್ಮ ಹಳೆಯ ಬಾಣಂತಿ ಕೋಣೆಯ ಹಾಗೆ: ಗಾಳಿಗೆ ಬರುವಂತಿಲ್ಲ, ನೆಲಕ್ಕೆ ಕಾಲಿಡುವಂತಿಲ್ಲ.

ಷಿಕಾಗೋದ ಎಮಿಲ್ ರೀಸ್ 1899ರಲ್ಲೇ ರೋಗಿಗಳನ್ನು ಬೇಗ ಎಬ್ಬಿಸಿ ನಡೆಸಬೇಕೆಂದು ಬರೆದರು. ಕಿವಿಗೊಟ್ಟವರು ಕಡಿಮೆ. 1940ರ ದಶಕದಲ್ಲಿ ಅಮೆರಿಕದ ಡೇನಿಯಲ್ ಲೀಟ್‌ಹೌಸರ್ ಅಪೆಂಡಿಕ್ಸ್ ತೆಗೆಸಿಕೊಂಡವರನ್ನು ಬೇಗನೆ ನಡೆಸಿ ತೋರಿಸಿದ ಮೇಲೆ, ಅದರ ಜೊತೆಗೆ ಎರಡನೆಯ ಮಹಾಯುದ್ಧದಲ್ಲಿ ಹಾಸಿಗೆಗಳೇ ಸಾಲದಾದಾಗ, ಮಾತು ತಿರುಗಿತು. 1947ರ ಡಿಸೆಂಬರಿನಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಆಶರ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಮಲಗಿರುವುದರ ಅಪಾಯಗಳನ್ನು ಅಂಗಾಂಗವಾರು ಪಟ್ಟಿ ಮಾಡಿದರು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ರಕ್ತ, ಶ್ವಾಸಕೋಶದಲ್ಲಿ ನಿಲ್ಲುವ ಕಫ, ಸುಣ್ಣದಂಶ ಕಳೆದುಕೊಳ್ಳುವ ಮೂಳೆ, ಬೆನ್ನಿನ ಹುಣ್ಣು, ಮಲಬದ್ಧತೆ. ಕೊನೆಗೆ, ಏಳುವ ಮನಸ್ಸೇ ಇಲ್ಲದಂತಾಗುವ ಮನಸ್ಸು.

ಆದರೆ ಎದ್ದ ರೋಗಿ ಮಾಡುವುದೇನು? ಅದಕ್ಕೆ ಉತ್ತರ ಯುದ್ಧದ ಆಸ್ಪತ್ರೆಗಳಲ್ಲಿ ಸಿದ್ಧವಾಗುತ್ತಿತ್ತು. ಬ್ರೈಟನ್ನಿನ ರಾಯಲ್ ಪೆವಿಲಿಯನ್ ಅರಮನೆ 1914ರ ಕೊನೆಯಿಂದ 1916ರ ಆರಂಭದವರೆಗೆ ಗಾಯಗೊಂಡ ಭಾರತೀಯ ಸೈನಿಕರ ಆಸ್ಪತ್ರೆಯಾಗಿತ್ತು. ಅವರು ಹೋದ ಮೇಲೆ ಕೈಕಾಲು ಕಳೆದುಕೊಂಡ ಬ್ರಿಟಿಷ್ ಸೈನಿಕರು ಬಂದರು. ಅವರಿಗೆ ಹೊಸ ಕಸುಬು ಕಲಿಸಲು ಅರಮನೆಯ ಆವರಣದಲ್ಲೇ ರಾಣಿ ಮೇರಿ ಹೆಸರಿನ ಕಾರ್ಯಾಗಾರ ತೆರೆಯಿತು. 1930ರಲ್ಲಿ ಎಲಿಜಬೆತ್ ಕ್ಯಾಸನ್ ಬ್ರಿಸ್ಟಲ್‌ನಲ್ಲಿ ಡಾರ್ಸೆಟ್ ಹೌಸ್ ಶಾಲೆ ಆರಂಭಿಸಿದಾಗ ಕೆಲಸದ ಮೂಲಕ ಚಿಕಿತ್ಸೆ ಕೊಡುವುದು ಬ್ರಿಟನ್ನಿನಲ್ಲಿ ಓದಿ ಕಲಿಯುವ ವೃತ್ತಿಯಾಯಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಈ ವಿಚಾರ ಕಾರು ಕಾರ್ಖಾನೆಯನ್ನೂ ಹೊಕ್ಕಿತು. ಲೂಟನ್ನಿನ ವಾಕ್ಸ್‌ಹಾಲ್ ಕಾರ್ಖಾನೆ ಗಾಯಾಳು ಕಾರ್ಮಿಕರಿಗೆಂದೇ ಯಂತ್ರಗಳ ಹಿಡಿಕೆಗಳನ್ನೂ ತುಳಿಗೆಗಳನ್ನೂ ಮಾರ್ಪಡಿಸಿತು. ಮುರಿದ ಕೈಗೆ ಬೇಕಾದ ವ್ಯಾಯಾಮವೂ ಆಯಿತು, ಕಾರ್ಖಾನೆಗೆ ಬೇಕಾದ ಬಿಡಿಭಾಗವೂ ತಯಾರಾಯಿತು.

ಇನ್ನು ಹಳೆಯ ಕಾರಿನ ಕಥೆ. ಅದೂ ಬ್ರೈಟನ್ನಿಗೇ ಬರುತ್ತದೆ. 1896ರ ನವೆಂಬರ್ 14ರಂದು ಮೋಟಾರು ಗಾಡಿಗಳ ಗುಂಪೊಂದು ಲಂಡನ್ನಿನಿಂದ ಬ್ರೈಟನ್ನಿಗೆ ಹೊರಟಿತು. ಗಂಟೆಗೆ 4 ಮೈಲಿ ಮೀರುವಂತಿಲ್ಲ, ಮುಂದೆ ಒಬ್ಬ ಆಳು ನಡೆಯಬೇಕು ಎಂಬ ಕಾಯಿದೆ ರದ್ದಾದ ಸಂಭ್ರಮಕ್ಕೆ ನಡೆದ ಓಟ ಅದು. 1927ರಲ್ಲಿ ಅದೇ ಓಟವನ್ನು ಹಳೆಯ ಕಾರುಗಳೊಂದಿಗೆ ಮತ್ತೆ ನಡೆಸಲಾಯಿತು. 1930ರ ಓಟ ಮುಗಿದ ಮೇಲೆ ಬ್ರೈಟನ್ನಿನ ಓಲ್ಡ್ ಶಿಪ್ ಹೋಟೆಲಿನಲ್ಲಿ ವೆಟರನ್ ಕಾರ್ ಕ್ಲಬ್ ಹುಟ್ಟಿತು. 1905ಕ್ಕೆ ಮುಂಚಿನ ಕಾರುಗಳಿಗಷ್ಟೇ ಇಂದಿಗೂ ಆ ಓಟದಲ್ಲಿ ಪ್ರವೇಶ. 1953ರ ‘ಜೆನೆವೀವ್’ ಚಲನಚಿತ್ರ ಅದನ್ನು ಮನೆಮಾತು ಮಾಡಿತು. ಅದರ ನಾಯಕಿಯೆನ್ನಬಹುದಾದದ್ದು 1904ರ ಒಂದು ಡರಾಕ್ ಕಾರು.

ಇದೆಲ್ಲ ಉಳ್ಳವರ ಆಟ. ಸಾಮಾನ್ಯರನ್ನು ಬಾನೆಟ್ಟಿನ ಕೆಳಗೆ ತಲೆ ಹಾಕಿಸಿದ್ದು ಆಸ್ಟಿನ್ ಸೆವೆನ್. ಹರ್ಬರ್ಟ್ ಆಸ್ಟಿನ್ ಅವರು ಇನ್ನೂ ಇಪ್ಪತ್ತು ತುಂಬದ ನಕ್ಷೆಗಾರ ಸ್ಟ್ಯಾನ್ಲಿ ಎಡ್ಜ್ ಜೊತೆ ಮನೆಯಲ್ಲೇ ಕೂತು ರೂಪಿಸಿದ ಪುಟ್ಟ ಕಾರು ಅದು. 1922ರಿಂದ 1939ರವರೆಗೆ ಸುಮಾರು 2,90,000 ಕಾರುಗಳು ತಯಾರಾದವು. ಎಂಜಿನ್ 747 ಸಿಸಿ. ಬಿಚ್ಚುವುದು ಸುಲಭ, ಜೋಡಿಸುವುದು ಸುಲಭ, ಗುಜರಿಯಲ್ಲಿ ಅಗ್ಗ. ಯುದ್ಧ ಮುಗಿದ ಮೇಲೆ ಡಾಲರ್ ಗಳಿಸಲೆಂದು ಬ್ರಿಟನ್ ತನ್ನ ಹೊಸ ಕಾರುಗಳಲ್ಲಿ ಬಹುಪಾಲನ್ನು ಹೊರದೇಶಕ್ಕೆ ಸಾಗಿಸುತ್ತಿದ್ದಾಗ, ಊರಿನ ಜನಕ್ಕೆ ಉಳಿದದ್ದು ವರ್ಷಗಟ್ಟಲೆ ಕಾಯುವ ಪಟ್ಟಿ ಮತ್ತು ಇಂಥ ಹಳೆಯ ಕಾರುಗಳು. ಪೆಟ್ರೋಲ್ ಪಡಿತರ 1950ರ ಮೇ ತಿಂಗಳವರೆಗೂ ಇತ್ತು.

1947ರ ಕೊನೆಯಲ್ಲಿ ಖಾಸಗಿ ವಾಹನಗಳ ಮೂಲ ಪಡಿತರವನ್ನೂ ಸರ್ಕಾರ ನಿಲ್ಲಿಸಿದಾಗ, ಓದಿನ ಜೊತೆಗೆ ಹಳೆಯ ಕಾರು ಮಾರುತ್ತಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿ ಕಾಲಿನ್ ಚಾಪ್‌ಮನ್ ಅವರ ವ್ಯಾಪಾರ ಕುಸಿಯಿತು. ಯಾರೂ ಕೊಳ್ಳದ ಒಂದು ಆಸ್ಟಿನ್ ಸೆವೆನ್ ಕೈಯಲ್ಲಿ ಉಳಿಯಿತು. ಅದನ್ನು ಗೆಳತಿಯ ತಂದೆಯ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಹೊಸದಾಗಿ ಕಟ್ಟಿ 1948ರಲ್ಲಿ ರಸ್ತೆಗಿಳಿಸಿದರು. ಮೊದಲ ಲೋಟಸ್ ಕಾರು ಅದೇ.

ಮಂಚ ಮತ್ತು ಗ್ಯಾರೇಜು ಒಂದೇ ಬದುಕಿನಲ್ಲಿ ಕೂಡಿದ ಕಥೆ ಬೇಕೆಂದರೆ ನ್ಯೂಜಿಲೆಂಡಿಗೆ ಹೋಗಬೇಕು. ಆಕ್ಲೆಂಡಿನ ರೆಮ್ಯುಯೆರಾದಲ್ಲಿ ಲೆಸ್ ಮೆಕ್ಲಾರೆನ್ ಅವರದು ಪೆಟ್ರೋಲ್ ಬಂಕು, ಗ್ಯಾರೇಜು. ಮಗ ಬ್ರೂಸ್‌ಗೆ ಒಂಬತ್ತರ ವಯಸ್ಸಿನಲ್ಲಿ ಸೊಂಟದ ಕೀಲಿಗೆ ಪರ್ತೆಸ್ ಕಾಯಿಲೆ ತಗುಲಿತು. ತೊಡೆಮೂಳೆಯ ತಲೆಗೆ ರಕ್ತ ಸಾಲದೆ ಅದು ಕುಗ್ಗುವ ರೋಗ. ಆಗಿನ ಚಿಕಿತ್ಸೆ ಥಾಮಸರ ಕಾಲದ್ದೇ: ಭಾರ ಹಾಕದೆ ಮಲಗಿರು. ಟಕಪುನಾದ ವಿಲ್ಸನ್ ಹೋಮ್‌ನಲ್ಲಿ ಹುಡುಗ ಎರಡು ವರ್ಷದಷ್ಟು ಕಾಲ ಚೌಕಟ್ಟಿಗೆ ಬಿಗಿಸಿಕೊಂಡು ಮಲಗಿದ. ಹೊರಬಂದಾಗ ಎಡಗಾಲು ಬಲಗಾಲಿಗಿಂತ ಗಿಡ್ಡ. ಮುಂದೆ ಬದುಕಿಡೀ ಅವನ ನಡಿಗೆಯಲ್ಲಿ ಕುಂಟು ಉಳಿಯಿತು.

ಅಪ್ಪ ಬಿಡಿಬಿಡಿಯಾಗಿ ಬಿದ್ದಿದ್ದ 1929ರ ಆಸ್ಟಿನ್ ಸೆವೆನ್ ಅಲ್ಸ್ಟರ್ ಒಂದನ್ನು ತಂದರು. ಅಪ್ಪ ಮಗ ಇಬ್ಬರೂ ಸೇರಿ ಅದಕ್ಕೆ ಜೀವ ತುಂಬಿದರು. 1952ರಲ್ಲಿ, ಹದಿನೈದರ ಆಸುಪಾಸಿನಲ್ಲಿ, ಬ್ರೂಸ್ ಅದೇ ಕಾರನ್ನು ಮುರಿವಾಯಿ ಗುಡ್ಡದ ಏರುದಾರಿಯ ಸ್ಪರ್ಧೆಯಲ್ಲಿ ಓಡಿಸಿದ. 1959ರ ಡಿಸೆಂಬರಿನಲ್ಲಿ ಅಮೆರಿಕದ ಸೆಬ್ರಿಂಗ್‌ನಲ್ಲಿ ಗ್ರ್ಯಾನ್ ಪ್ರಿ ಗೆದ್ದಾಗ ಅವನಿಗೆ 22 ವರ್ಷ 104 ದಿನ. ಫಾರ್ಮುಲಾ ಒನ್ ಪಂದ್ಯ ಗೆದ್ದ ಅತಿ ಕಿರಿಯ ಚಾಲಕನೆಂಬ ಆ ಹೆಗ್ಗಳಿಕೆ 2003ರವರೆಗೂ ನಿಂತಿತ್ತು. 1963ರಲ್ಲಿ ತನ್ನದೇ ತಂಡ ಕಟ್ಟಿದ. 1970ರ ಜೂನ್ 2ರಂದು ಗುಡ್‌ವುಡ್‌ನಲ್ಲಿ ಕಾರು ಪರೀಕ್ಷಿಸುವಾಗ ಅಪಘಾತದಲ್ಲಿ ತೀರಿಕೊಂಡ. ಆ ಆಸ್ಟಿನ್ ಇಂಗ್ಲೆಂಡಿನ ವೋಕಿಂಗ್‌ನಲ್ಲಿ ಮೆಕ್ಲಾರೆನ್ ಸಂಸ್ಥೆಯ ಬಳಿಯಿದೆ.

ಎಲ್ಲರಿಗೂ ಗ್ಯಾರೇಜಿನ ಅಪ್ಪ ಸಿಗುವುದಿಲ್ಲ. ಆ ಕೊರತೆ ತುಂಬಿದವರು ಜಾನ್ ಹೇನ್ಸ್. ಹುಟ್ಟಿದ್ದು 1938ರಲ್ಲಿ ಸಿಲೋನಿನಲ್ಲಿ. ತಂದೆಗೆ ಚಹಾ ತೋಟದಲ್ಲಿ ಕೆಲಸ. ಇಂಗ್ಲೆಂಡಿನ ಶಾಲೆಯಲ್ಲಿದ್ದಾಗಲೇ ಆಸ್ಟಿನ್ ಸೆವೆನ್ ಒಂದನ್ನು ಹೊಸ ರೂಪದಲ್ಲಿ ಕಟ್ಟಿ, ಕಟ್ಟಿದ ಬಗೆಯನ್ನು 1956ರಲ್ಲಿ ಪುಸ್ತಿಕೆ ಮಾಡಿದರು. ಅಚ್ಚಾದ 250 ಪ್ರತಿಗಳೂ ಬೇಗನೆ ಖರ್ಚಾದವು. ವಾಯುಪಡೆ ಸೇರಿ ಏಡನ್‌ನಲ್ಲಿದ್ದಾಗ ಗೆಳೆಯರೊಬ್ಬರ ಆಸ್ಟಿನ್ ಹೀಲಿ ಸ್ಪ್ರೈಟ್ ಕಾರನ್ನು ಬಿಚ್ಚಿ ಜೋಡಿಸಬೇಕಾಯಿತು. ಕಂಪನಿಯ ಕೈಪಿಡಿ ಕಸುಬಿನವರಿಗೆಂದು ಬರೆದದ್ದು. ಮನೆಯವರಿಗೆ ಅದು ತಲೆಬುಡ ತಿಳಿಯದು. ಹೇನ್ಸ್ ಪ್ರತಿ ಹಂತದ ಫೋಟೊ ತೆಗೆದರು. 1966ರಲ್ಲಿ ಬಂದ ಮೊದಲ ಕೈಪಿಡಿಯ ಬೆನ್ನಲ್ಲೇ ನೂರಾರು ಮಾದರಿಗಳ ಕೈಪಿಡಿಗಳು ಬಂದವು. ಒಂದು ನಿಜವಾದ ಕಾರನ್ನು ಪೂರ್ತಿ ಬಿಚ್ಚಿ, ಪೂರ್ತಿ ಜೋಡಿಸಿ, ಆಮೇಲೆ ಬರೆಯುವುದು ಅವರ ಪದ್ಧತಿಯಾಗಿತ್ತು.

ಅದೇ ದಶಕದಲ್ಲಿ ಸರ್ಕಾರವೂ ಜನರ ಕೈಗೆ ಸ್ಪ್ಯಾನರ್ ಕೊಟ್ಟಿತೆನ್ನಬೇಕು. 1960ರಲ್ಲಿ ಹತ್ತು ವರ್ಷ ದಾಟಿದ ಕಾರುಗಳಿಗೆ ಕಡ್ಡಾಯ ತಪಾಸಣೆ ಬಂತು. 1967ರ ಹೊತ್ತಿಗೆ ಮೂರೇ ವರ್ಷದ ಕಾರುಗಳೂ ಅದರಡಿ ಬಂದವು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ತಳದ ತಗಡನ್ನು ತಿನ್ನುತ್ತಿತ್ತು. ಬಾಗಿಲ ಕೆಳಗಿನ ಪಟ್ಟಿ ತುಕ್ಕು ಹಿಡಿದರೆ ಕಾರು ನಪಾಸು. ಗ್ಯಾರೇಜಿಗೆ ಕೊಟ್ಟರೆ ಕಾರಿನ ಬೆಲೆಗಿಂತ ಬಿಲ್ಲೇ ಹೆಚ್ಚು. ಹೀಗಾಗಿ ಗುಮಾಸ್ತರೂ ಮೇಷ್ಟರೂ ವೆಲ್ಡಿಂಗ್ ಕಲಿತರು. 1967ರಲ್ಲಿ ಬ್ಯೂಲಿ ಎಂಬಲ್ಲಿ ಹಳೆಯ ಬಿಡಿಭಾಗಗಳ ಸಂತೆ ಶುರುವಾಯಿತು. 1980ರಲ್ಲಿ ಮನೆಯಲ್ಲೇ ರಿಪೇರಿ ಮಾಡುವವರಿಗೆಂದೇ ‘ಪ್ರಾಕ್ಟಿಕಲ್ ಕ್ಲಾಸಿಕ್ಸ್’ ಮಾಸಪತ್ರಿಕೆ ಬಂತು. 1980ರಲ್ಲೇ ತಯಾರಿಕೆ ನಿಂತಿದ್ದ ಎಂಜಿಬಿ ಕಾರಿನ ಇಡೀ ಕವಚವನ್ನು 1988ರಿಂದ ಮೂಲ ಅಚ್ಚುಗಳಲ್ಲೇ ಮತ್ತೆ ಒತ್ತಿ ಮಾರತೊಡಗಿದರು. ಅಷ್ಟರಲ್ಲಿ ಅಗತ್ಯ ಹವ್ಯಾಸವಾಗಿ ತಿರುಗಿತ್ತು.

ಚೇತರಿಕೆಯ ದಿನಗಳ ರಿಪೇರಿಗೆ ಅದರದೇ ಶಿಸ್ತಿದೆ. ಹೊಟ್ಟೆಯ ದೊಡ್ಡ ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಆರು ವಾರ ಭಾರ ಎತ್ತಬೇಡಿ ಎನ್ನುತ್ತಾರೆ. ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಸೀಳಿದ ಎದೆಮೂಳೆ ಪೂರ್ತಿ ಕೂಡಲು ಮೂರು ತಿಂಗಳೇ ಬೇಕು. ಕಾರಿನ ಬ್ಯಾಟರಿಯೇ ಹತ್ತು ಕಿಲೋಗೂ ಹೆಚ್ಚು. ಗೇರ್‌ಬಾಕ್ಸಂತೂ ಇಬ್ಬರು ಹಿಡಿಯುವ ಭಾರ. ಕಾರಿನಡಿ ನುಸುಳಿ ಮಲಗುವುದಕ್ಕಿಂತ ಅಲ್ಲಿಂದ ಏಳುವಾಗ ಹೊಲಿಗೆ ಹೆಚ್ಚು ಜಗ್ಗುತ್ತದೆ. ಆದ್ದರಿಂದ ಮೊದಲ ವಾರಗಳು ಊಟದ ಮೇಜಿನ ಮೇಲೆ ಹರಡಿದ ಹಳೆಯ ಪೇಪರಿನ ಕೆಲಸಕ್ಕೆ ಮೀಸಲು.

ಅದಕ್ಕೆ ಹೇಳಿ ಮಾಡಿಸಿದ್ದು ಎಸ್‌ಯು ಕಾರ್ಬ್ಯುರೇಟರ್. ಪಾದರಕ್ಷೆ ವ್ಯಾಪಾರದ ಸ್ಕಿನ್ನರ್ ಕುಟುಂಬದವರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ರೂಪಿಸಿದ್ದು. ಆರಂಭದಲ್ಲಿ ಅದರೊಳಗೆ ಚರ್ಮದ ತಿದಿ ಇತ್ತು, ಆಮೇಲೆ ಆ ಜಾಗಕ್ಕೆ ಲೋಹದ ಪಿಸ್ಟನ್ ಬಂತು. ಮೇಲಿನ ಗುಮ್ಮಟ ಬಿಚ್ಚಿದರೆ ಪಿಸ್ಟನ್, ಅದರ ತುದಿಯಲ್ಲಿ ಸೂಜಿ, ಸೂಜಿ ಇಳಿಯುವ ಜೆಟ್. ತೊಳೆದು ಜೋಡಿಸಿದ ಮೇಲೆ ಪಿಸ್ಟನ್ನನ್ನು ಬೆರಳಲ್ಲಿ ಎತ್ತಿ ಬಿಟ್ಟರೆ ಅದು ಎಲ್ಲೂ ತಡೆಯದೆ ಟಕ್ಕೆಂದು ಕೂರಬೇಕು. ವೈರಿಂಗೂ ಕೂತು ಮಾಡುವ ಕೆಲಸವೇ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ನೇರ ತಂತಿ ಕಂದು, ಇಗ್ನಿಷನ್ನಿನದು ಬಿಳಿ, ಹೆಡ್‌ಲೈಟಿನದು ನೀಲಿ, ಅರ್ತಿಂಗ್ ಕಪ್ಪು; ಬಣ್ಣ ಗುರುತಿದ್ದವರಿಗೆ ನಕ್ಷೆ ಅರ್ಧ ಓದಿದಂತೆ.

ಅಪಾಯವೂ ಕಡಿಮೆಯಲ್ಲ. ಬ್ರಿಟನ್ನಿನಲ್ಲಿ ಕಲ್ನಾರಿನ ಬಳಕೆ ಪೂರ್ತಿ ನಿಷೇಧವಾದದ್ದು 1999ರಲ್ಲಿ. ಅದಕ್ಕೆ ಮುಂಚಿನ ಬ್ರೇಕ್ ಶೂಗಳ ದೂಳನ್ನು ಊದಿ ತೆಗೆಯುವುದು ಯಾರಿಗೂ ತಕ್ಕುದಲ್ಲ. ಅರಿವಳಿಕೆಯಿಂದ ಈಗಷ್ಟೇ ಹೊರಬಂದ ಶ್ವಾಸಕೋಶಕ್ಕಂತೂ ಅಲ್ಲವೇ ಅಲ್ಲ. ಹಳೆಯ ಪೇಂಟಿನಲ್ಲಿ ಸೀಸವಿರುತ್ತದೆ, ಹೊಸ ಸ್ಪ್ರೇ ಪೇಂಟುಗಳಲ್ಲಿ ಐಸೊಸಯನೇಟ್. ಉಜ್ಜುವುದು, ಬಳಿಯುವುದು ಎರಡನ್ನೂ ಬೇರೆಯವರಿಗೆ ಬಿಡುವುದೇ ಲೇಸು.

ಈ ರೂಢಿಯ ಒಂದು ಎಳೆ ಭಾರತಕ್ಕೂ ಬರುತ್ತದೆ. ಮಾರಿಸ್ ಮೈನರ್ ಇಲ್ಲಿ ಬೇಬಿ ಹಿಂದೂಸ್ತಾನ್ ಆಯಿತು. ಮೂರನೆಯ ಸರಣಿಯ ಮಾರಿಸ್ ಆಕ್ಸ್‌ಫರ್ಡ್ ಅಂಬಾಸಡರ್ ಆಗಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಯಿತು. ಇಂಗ್ಲೆಂಡಿನಲ್ಲಿ ಎಂದೋ ನಿಂತುಹೋದ ಆ ಮಾದರಿಯ ಬಿಡಿಭಾಗಗಳಿಗೆ ಅಲ್ಲಿನ ಹವ್ಯಾಸಿಗಳು ಇತ್ತ ನೋಡಿದ್ದುಂಟು. ನಮ್ಮಲ್ಲಿ ಮಾತ್ರ ಮಾಲೀಕನೇ ಕೈಗೆ ಎಣ್ಣೆ ಮೆತ್ತಿಕೊಳ್ಳುವ ರೂಢಿ ಅಷ್ಟಾಗಿ ಬೆಳೆಯಲಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಾಮಾನು ಕೊಂಡು, ಗೊತ್ತಿರುವ ಮೆಕ್ಯಾನಿಕ್ಕಿನ ಕೈಗೆ ಕೊಟ್ಟರೆ ಮುಗಿಯಿತು. ಹಳೆಯ ಕಾರುಗಳನ್ನು ಕಾಣಬೇಕೆಂದರೆ ಧರ್ಮಸ್ಥಳದ ವಸ್ತುಸಂಗ್ರಹಾಲಯವಿದೆ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿತು. ಮೊದಲ ನೋಂದಣಿಗೆ 20,000 ರೂಪಾಯಿ, ಸಂಖ್ಯಾಫಲಕದಲ್ಲಿ ‘ವಿಎ’ ಅಕ್ಷರಗಳು. ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಒಯ್ಯಬಹುದು. ಓಡಾಟಕ್ಕೆ ಬೇರೆ ಕಾರು ಸಿಗದೆ ಬ್ರಿಟನ್ನಿನ ಜನ ರಿಪೇರಿ ಕಲಿತ ಕಾಲದ ಕಾರುಗಳು ಇವು. ಈ ನಿಯಮದಡಿ ಅವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.