ಕಬ್ಬಿನ ತೋಟದವರ ಮೊಮ್ಮಕ್ಕಳು ಕಲಿತ ನೃತ್ಯ

1903ರ ಜನವರಿ 13ರಂದು ‘ಗೇಲಿಕ್’ ಹಡಗು ಹವಾಯಿಯ ಹೊನೊಲುಲು ಬಂದರು ಮುಟ್ಟಿದಾಗ ಅದರಲ್ಲಿ 102 ಮಂದಿ ಕೊರಿಯನ್ನರಿದ್ದರು. ಕಬ್ಬಿನ ತೋಟದಲ್ಲಿ ದಿನಕ್ಕೆ ಹತ್ತು ಗಂಟೆ ದುಡಿತ, ತಿಂಗಳಿಗೆ ಸುಮಾರು 16 ಡಾಲರ್ ಕೂಲಿ. ಎರಡೇ ವರ್ಷಗಳಲ್ಲಿ ಅವರ ಸಂಖ್ಯೆ ಏಳು ಸಾವಿರದಷ್ಟಾಯಿತು. ಆಮೇಲೆ ಬರೀ ಫೋಟೊ ನೋಡಿ ಮದುವೆಗೆ ಒಪ್ಪಿದ ಹೆಣ್ಣುಮಕ್ಕಳೂ ಬಂದರು.

ಮೊದಲ ತಂಡದ ಅನೇಕರು ಇಂಚನ್ ಊರಿನ ಮೆಥಡಿಸ್ಟ್ ಚರ್ಚಿನವರು. ಆಗಿನ ಕೊರಿಯಾದಲ್ಲಿ ನೃತ್ಯವನ್ನೇ ಕಸುಬು ಮಾಡಿಕೊಂಡವರು ಗಿಸೆಂಗ್ ಹೆಂಗಸರು. ದೇವರನ್ನು ಮೈಮೇಲೆ ಬರಿಸಿಕೊಂಡು ಕುಣಿಯುವವರು ಮುದಂಗ್‌ಗಳು. ಚರ್ಚಿಗೆ ಹೋಗುವ ಮರ್ಯಾದಸ್ಥರ ಮನೆಯ ಮಗಳಿಗೆ ಎರಡೂ ಸಲ್ಲದು. ದೇವದಾಸಿಯರನ್ನು ದೂರವಿಟ್ಟು ಅವರ ಕಲೆಯನ್ನು ಮಾತ್ರ ಒಳಗೆ ಕರೆದುಕೊಂಡ ನಾಡಿನಲ್ಲಿ ನಾನು ನೃತ್ಯ ಕಲಿಸುತ್ತೇನೆ. ಆ ನೋವು ನನಗೆ ಗೊತ್ತು.

ಹೊನೊಲುಲುವಿನಲ್ಲಿ ಈ ಬೇಲಿ ದಾಟಿಸಿದವರು ಹಾಲಾ ಪೈ ಹಮ್. 1922ರಲ್ಲಿ ಹುಟ್ಟಿ, ಜಪಾನಿನಲ್ಲಿ ಬೆಳೆದು, ಬೆ ಗುಜಾ ಅವರ ಬಳಿ ಕಲಿತವರು. ಗುಜಾ ಜಪಾನಿನ ಜಾದೂ ಕಂಪನಿಯೊಂದರ ತಾರೆಯಾಗಿದ್ದವರು. 1920ರ ದಶಕದ ಕೊನೆಯಲ್ಲೇ ‘ಅರಿರಾಂಗ್’ ಹಾಡಿಗೆ ಹೊಸ ನೃತ್ಯ ಕಟ್ಟಿದವರು. ಹೀಗಾಗಿ 1950ರಲ್ಲಿ ಹಾಲಾ ಹೊನೊಲುಲುವಿನಲ್ಲಿ ನೃತ್ಯಶಾಲೆ ತೆರೆದಾಗ ಮಕ್ಕಳು ಕಲಿತದ್ದು ತಾತಂದಿರು ಬಿಟ್ಟುಬಂದ ಊರಿನ ಕುಣಿತವನ್ನೇ ಅಲ್ಲ, ತಾನೂ ಸಮುದ್ರ ದಾಟಿ ಬದಲಾಗಿದ್ದ ಒಂದನ್ನು. ಇದರಿಂದ ಅದರ ಬೆಲೆ ಕಡಿಮೆಯಾಗದು ಎಂದೇ ನನ್ನ ನಂಬಿಕೆ. ಶತಮಾನಗಳಷ್ಟು ಹಳೆಯದೆಂದು ನಾವು ಕೈಮುಗಿಯುವ ಸಲ್‌ಪುರಿ ನೃತ್ಯ ಕೂಡ ಮುದಂಗ್‌ರ ಆಚರಣೆಯಿಂದ ಹೊರಟು ಇಂದಿನ ರಂಗರೂಪ ಪಡೆದದ್ದು 1930ರ ದಶಕದಲ್ಲಿ, ಹಾನ್ ಸಾಂಗ್‌ಜುನ್ ಕೈಯಲ್ಲಿ. ಬಿಳಿ ಉಡುಗೆ, ಉದ್ದನೆಯ ಬಿಳಿ ವಸ್ತ್ರ. ಹಿಮ್ಮಡಿ ಮೊದಲು ನೆಲಕ್ಕೆ, ಉಸಿರು ತುಂಬಿದರೆ ಮೈ ಏಳುತ್ತದೆ, ಬಿಟ್ಟರೆ ಮಂಡಿ ಸಡಿಲುತ್ತದೆ. ಪಾದ ತಟ್ಟಿ ಕಲಿತ ನನ್ನಂಥವಳಿಗೆ ಈ ಉಸಿರಿನ ಲೆಕ್ಕ ಸುಲಭಕ್ಕೆ ಒಗ್ಗುವುದಿಲ್ಲ.

ಹಾಲಾ ಮುದಂಗ್‌ರ ಆಚರಣೆಗಳ ಬಗ್ಗೆಯೂ ಪುಸ್ತಕ ಬರೆದರು. 1980ರಲ್ಲಿ ಅದು ಅಚ್ಚಾಯಿತು. ಚರ್ಚಿನವರು ನೆಲೆ ಕಟ್ಟಿದ ಊರಿನಲ್ಲಿ ಕೂತು ಇದನ್ನು ಮಾಡಿದರೆಂಬುದಕ್ಕೆ ನನಗೆ ಅವರ ಮೇಲೆ ಗೌರವ ಹೆಚ್ಚು.

1994ರಲ್ಲಿ ಅವರು ತೀರಿಕೊಂಡ ಮೇಲೆ ಶಾಲೆ ನಡೆಸಿದವರು ಶಿಷ್ಯೆ ಮೇರಿ ಜೋ ಫ್ರೆಶ್ಲಿ. ಕೊರಿಯಾ ಮೂಲದವರಲ್ಲ, ಅಮೆರಿಕದ ಒಹಾಯೋ ಕಡೆಯವರು. 1960ರ ದಶಕದಲ್ಲಿ ಕಲಿಯಲು ಬಂದವರು ದಶಕಗಟ್ಟಲೆ ಉಳಿದು, ಚಾಂಗ್ಗು ಎಂಬ ಕೊರಿಯನ್ ಮದ್ದಳೆ ಬಾರಿಸುತ್ತ, ಕೊರಿಯನ್ನರ ಮಕ್ಕಳಿಗೂ ಹೊರಗಿನವರಿಗೂ ಅದೇ ಹೆಜ್ಜೆ ಕಲಿಸಿದರು.