ನಗೋಯಾದ ತಂತಿ, ಇಂಡಿಯ ನಿಬ್ಬಣ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಈಗ ಮೂವತ್ತು ದಾಟಿದವರ ಮುಂದೆ ‘ಜೋಗಿ’ಯದೋ ‘ಮುಂಗಾರು ಮಳೆ’ಯದೋ ಒಂದು ಧಾಟಿ ಗುನುಗಿ ನೋಡಿ. ಎಷ್ಟೋ ಜನರಿಗೆ ಮೊದಲು ನೆನಪಾಗುವುದು ಸಿನಿಮಾದ ಗಾಯಕನ ದನಿ ಅಲ್ಲ, ನಿಬ್ಬಣದ ಮುಂದೆ ಬ್ಯಾಂಜೊದವರು ಅದನ್ನು ನುಡಿಸಿದ ಬಗೆ. ಒಂದು ತಲೆಮಾರಿನ ಮೆಚ್ಚಿನ ಹಾಡುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸಂಗೀತ ನಿರ್ದೇಶಕರ, ಆಡಿಯೊ ಕಂಪನಿಗಳ ಹೆಸರು ಹೇಳಿ ಮುಗಿಸುತ್ತಾರೆ. ವಿಜಯಪುರ ಜಿಲ್ಲೆಯ ಮಟ್ಟಿಗೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಹಾಡನ್ನು ಈ ನಾಲ್ಕು ತಾಲ್ಲೂಕುಗಳ ಹಾಡಾಗಿ ಮಾಡಿದವರು ಇಲ್ಲಿಯ ಮೇಳದವರು.

ಮೇಳ ಕಟ್ಟಿಕೊಂಡು ಹಾಡುವುದು ಈ ನೆಲಕ್ಕೆ ಹೊಸದಲ್ಲ. ಮೊನ್ನೆಮೊನ್ನೆಯವರೆಗೂ ಇಂಡಿ ತಾಲ್ಲೂಕಿಗೆ ಸೇರಿದ್ದ, ಈಗ ಚಡಚಣ ತಾಲ್ಲೂಕಿನಲ್ಲಿರುವ ಹಲಸಂಗಿ ಲಾವಣಿಯ ತವರು. ಖಾಜಾಭಾಯಿಯಂಥ ಲಾವಣಿಕಾರ ಅಲ್ಲಿಯವನು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಸೇರಿದ್ದ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ಲಾವಣಿಗಳ ಸಂಗ್ರಹ ‘ಜೀವನ ಸಂಗೀತ’ ತಂದರು. ಗೀಗೀ ಮೇಳದಲ್ಲಿ ಮುಂದೆ ನಿಂತು ಹಾಡುವವನ ಕೈಯಲ್ಲಿ ದಪ್ಪು, ಹಿಂದೆ ತುಂತುಣಿ ಮತ್ತು ತಾಳ ಹಿಡಿದು ದನಿಗೂಡಿಸುವವರು. ಹರದೇಶಿ–ನಾಗೇಶಿ ಎಂದು ಎರಡು ಪಕ್ಷ ಕಟ್ಟಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳತನಕ ಸವಾಲು ಹಾಕುತ್ತಿದ್ದರು. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಕನ್ನಡದಲ್ಲೇ ಹಾಡುವ ರಿವಾಯತ್ ಪದ, ಜಾತ್ರೆಯಲ್ಲಿ ಡೊಳ್ಳಿನ ಪದ, ಎಲ್ಲಮ್ಮನ ಹೆಸರಿನಲ್ಲಿ ಚೌಡಕಿ ಪದ. ಇವೆಲ್ಲ ಕೂಡಿ ಹಾಡುವ ಹಾಡುಗಳೇ. ಒಬ್ಬನೇ ಕುಳಿತು ಕಿವಿಗೆ ಹಾಕಿಕೊಂಡು ಕೇಳುವ ಹಾಡು ಇಲ್ಲಿಗೆ ತೀರ ಈಚೆಗೆ ಬಂದದ್ದು.

ಬ್ಯಾಂಜೊ ಬಂದದ್ದು ಈ ನೆಲಕ್ಕೆ. ಹೆಸರು ಅಮೆರಿಕದ್ದಾದರೂ ವಾದ್ಯ ಜಪಾನಿನದು. 1912ರಲ್ಲಿ ನಗೋಯಾ ಊರಿನ ಮೊರಿಟಾ ಗೊರೊ ‘ತಾಯ್ಶೊಗೊತೊ’ ಎಂಬ ತಂತಿವಾದ್ಯ ಮಾಡಿದ. ಉದ್ದನೆಯ ಪೆಟ್ಟಿಗೆ, ಮೇಲೆ ತಂತಿ, ತಂತಿಯ ಮೇಲೆ ಟೈಪ್‌ರೈಟರಿನಂಥ ಗುಂಡಿಗಳು. ಎಡಗೈಯಿಂದ ಗುಂಡಿ ಒತ್ತಿದರೆ ಬೇಕಾದ ಸ್ವರಕ್ಕೆ ತಂತಿ ಅದುಮಿಕೊಳ್ಳುತ್ತದೆ, ಬಲಗೈ ಮೀಟುತ್ತದೆ. ಹಾರ್ಮೋನಿಯಮ್ಮಿನಷ್ಟು ಬೆಲೆಯಿಲ್ಲ, ಸಿತಾರಿನಷ್ಟು ವರ್ಷಗಳ ಸಾಧನೆ ಬೇಡ. ಜಪಾನಿನಿಂದ ರಫ್ತಾಗಿ ಭಾರತಕ್ಕೆ ಬಂದ ಈ ವಾದ್ಯಕ್ಕೆ ಬುಲ್‌ಬುಲ್ ತರಂಗ್ ಎಂಬ ಹೆಸರಾಯಿತು. ಮಹಾರಾಷ್ಟ್ರದ ಬೀದಿಗಳಲ್ಲಿ ಅದಕ್ಕೆ ಪಿಕಪ್ ಜೋಡಿಸಿ, ಲೌಡ್‌ಸ್ಪೀಕರಿಗೆ ಕೊಟ್ಟು, ಜೊತೆಗೆ ಢೋಲಕ್, ತಾಶಾ ಸೇರಿಸಿ ‘ಬ್ಯಾಂಜೊ ಪಾರ್ಟಿ’ ಕಟ್ಟಿದರು. ಮುಂಬೈಯ ಇಂಥ ವಾದಕರ ಬದುಕನ್ನು ಇಟ್ಟುಕೊಂಡೇ 2016ರಲ್ಲಿ ‘ಬ್ಯಾಂಜೊ’ ಎಂಬ ಹಿಂದಿ ಸಿನಿಮಾ ಬಂತು. ಇಂಡಿಯವರಿಗೆ ಸೊಲ್ಲಾಪುರ ಮಗ್ಗುಲ ಊರು. ಬೀಗತನ, ವ್ಯಾಪಾರ, ದುಡಿಮೆ ಎಲ್ಲಕ್ಕೂ ಭೀಮೆಯ ಆಚೆ ಈಚೆ ಓಡಾಟ. ಬ್ಯಾಂಜೊ ಅದೇ ದಾರಿ ಹಿಡಿದು ಬಂತು.

ಈ ವಾದ್ಯದ ಒಂದು ಗುಣವನ್ನು ಗಮನಿಸಬೇಕು. ಬ್ಯಾಂಜೊಕ್ಕೆ ಸಾಹಿತ್ಯ ಇಲ್ಲ, ಆರ್ಕೆಸ್ಟ್ರಾದ ತುಂಬು ನಾದವೂ ಇಲ್ಲ. ಒಂದೇ ಎಳೆಯ ಧಾಟಿಯನ್ನು ಅದು ಚೂಪಾಗಿ, ಸ್ವಲ್ಪ ಮೂಗಿನ ದನಿಯಲ್ಲಿ ಹೇಳುತ್ತದೆ. ಸ್ವರವನ್ನು ಎಳೆದು ನಿಲ್ಲಿಸಲು ಬರುವುದಿಲ್ಲವಾದ್ದರಿಂದ ನುಡಿಸುವವನು ಅದೇ ತಂತಿಯನ್ನು ಮತ್ತೆ ಮತ್ತೆ ಬಿರುಸಾಗಿ ಮೀಟಿ ನಾದವನ್ನು ಹಿಡಿದಿಡುತ್ತಾನೆ. ಆ ನಡುಕದಲ್ಲೇ ಇದೆ ಅದರ ರುಚಿ. ಹೀಗಾಗಿ ಧಾಟಿ ಗಟ್ಟಿಯಾಗಿದ್ದ ಹಾಡು ಮಾತ್ರ ಬ್ಯಾಂಜೊದಲ್ಲಿ ಉಳಿಯಿತು. ಬರೀ ಸದ್ದಿನ ಬಲದ ಮೇಲೆ ನಿಂತದ್ದು ಒಂದು ಲಗ್ನಸರಾಯಿ ಕಳೆಯುವಷ್ಟರಲ್ಲಿ ಬಿದ್ದುಹೋಯಿತು. ಮಾತುಗಳನ್ನು ಕುಣಿಯುವವರೇ ಹಾಕಿಕೊಳ್ಳಬೇಕು. ‘ಏ ಅಣ್ಣಾ, ಇನ್ನೊಮ್ಮಿ ಬಾರ್ಸೋ’ ಎಂದು ನೋಟು ಹಿಡಿದು ನಿಂತವರೂ ಹಾಡಿನ ಪಾಲುದಾರರೇ. ಒಂದು ಚಿತ್ರಗೀತೆ ಊರಿನದಾಗುವುದು ಹೀಗೆ ಎಂದು ನಾನು ನಂಬಿದ್ದೇನೆ.

ಹಾಡುಗಳು ಬಂದ ದಾರಿಯೂ ಬೇಗಬೇಗ ಬದಲಾಯಿತು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಹಿಂದಿನ ತಲೆಮಾರಿಗೆ ಹಾಡು ಕೇಳಿಸಿತು. 1978ರ ‘ನಿತ್ಯೋತ್ಸವ’ದೊಂದಿಗೆ ಕನ್ನಡ ಭಾವಗೀತೆ ಕ್ಯಾಸೆಟ್ಟಿಗೆ ಇಳಿಯಿತು. ನಮ್ಮ ಕಡೆ ಕ್ಯಾಸೆಟ್ಟನ್ನು ಮನೆಮಾತು ಮಾಡಿದ್ದು ಮಾತ್ರ ಜನಪದ ಗೀತೆ. ಬಾಗಲಕೋಟೆ ಕಡೆಯ ಗುರುರಾಜ ಹೊಸಕೋಟೆಯವರ ಹಾಡುಗಳು ಚಹಾದಂಗಡಿಯಿಂದ ಹಿಡಿದು ಕ್ರೂಸರ್ ಗಾಡಿಯವರೆಗೆ ಮೊಳಗಿದವು. ಇಲ್ಲಿಯ ಆಡುಮಾತನ್ನು ತಿದ್ದದೆ, ಹಾಗೇ ಹಾಡಿದ ದನಿ ಟೇಪಿನೊಳಗಿಂದ ಬಂದಾಗ ಊರಿನವರಿಗೆ ಆದ ಹೆಮ್ಮೆ ಸಣ್ಣದಲ್ಲ. ಸಿನಿಮಾದ ಕಡೆಯಿಂದ 1996ರಲ್ಲಿ ವಿ. ಮನೋಹರ್ ಸಂಗೀತದ ‘ಜನುಮದ ಜೋಡಿ’, 2005ರಲ್ಲಿ ಗುರುಕಿರಣ್ ಅವರ ‘ಜೋಗಿ’, 2006ರ ಡಿಸೆಂಬರ್ ಕೊನೆಗೆ ಮನೋಮೂರ್ತಿಯವರ ‘ಮುಂಗಾರು ಮಳೆ’. ಆಮೇಲೆ ಮೆಮೊರಿ ಕಾರ್ಡಿನ ಕಾಲ. ಬಸ್‌ಸ್ಟ್ಯಾಂಡಿನ ಮುಂದಿನ ಮೊಬೈಲ್ ಅಂಗಡಿಗೆ ಹೋಗಿ ‘ಹಾಡು ಹಾಕಿಸಿಕೊಂಡು’ ಬರುವುದು. ಇಂಡಿ ರೋಡಿನಲ್ಲೋ ಬಸವನ ಬಾಗೇವಾಡಿ ರೋಡಿನಲ್ಲೋ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ದುಡಿಯಲು ಹೊರಟ ಹುಡುಗರ ಜೇಬಿನಲ್ಲಿ ಇದ್ದದ್ದು ಆ ಕಾರ್ಡು.

ಅದೇ ಬೆಂಗಳೂರಿನಲ್ಲಿ ಆಗ ಇನ್ನೊಂದು ಬಗೆಯ ಬ್ಯಾಂಡು ತಲೆ ಎತ್ತುತ್ತಿತ್ತು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಗಿಟಾರು, ಪಿಟೀಲು ಜೋಡಿಸಿ ಶಿಶುನಾಳ ಷರೀಫರ ತತ್ವಪದ ಹಾಡಿದರು. ನಗರದ ಹುಡುಗರಿಗೆ ಅದು ಹೊಸ ದನಿ. ನಮ್ಮ ಕಡೆಯಿಂದ ಹೋದವರಿಗೆ ಭಜನೆಯಲ್ಲಿ ಕೇಳಿದ್ದ ಪದವೇ.

ಜಪಾನಿನ ಮೂವತ್ತರ ಹರೆಯದವರ ಸಂಗತಿ ತಿಳಿದರೆ ನಮ್ಮದು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಅವರು ಕ್ಯಾರಿಯೋಕೆ ಕೋಣೆ ಹೊಕ್ಕು ಹಾಡುವ ಹಾಡುಗಳಲ್ಲಿ ‘ಮೊಂಗೊಲ್ 800’ ಬ್ಯಾಂಡಿನ ‘ಚೀಸಾನಾ ಕೊಯ್ ನೊ ಉತಾ’ ಒಂದು. ಈ ಬ್ಯಾಂಡು ಟೋಕಿಯೊದ್ದಲ್ಲ, ದೂರದ ಒಕಿನಾವಾ ದ್ವೀಪದ್ದು. ದೊಡ್ಡ ಕಂಪನಿಯ ಬೆಂಬಲವಿಲ್ಲದೆ 2001ರಲ್ಲಿ ಅವರು ತಂದ ‘ಮೆಸೇಜ್’ ಆಲ್ಬಮ್ 20 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಶಾಲೆಯ ಹಬ್ಬಗಳಲ್ಲಿ ಹುಡುಗರು ತಾವೇ ಬ್ಯಾಂಡು ಕಟ್ಟಿ ಅದನ್ನು ನುಡಿಸಿದರು. ಕೇಳಿದ್ದಕ್ಕಿಂತ ಸ್ವತಃ ನುಡಿಸಿದ, ಕೂಡಿ ಹಾಡಿದ ಹಾಡು ಹೆಚ್ಚು ಕಾಲ ಬಾಳುತ್ತದೆ ಎನ್ನುವುದು ಒಕಿನಾವಾಕ್ಕೂ ಸಿಂದಗಿಗೂ ಒಂದೇ.

ಜಪಾನಿನ ನಂಟು ಬ್ಯಾಂಜೊಕ್ಕೆ ನಿಲ್ಲಲಿಲ್ಲ. ಕ್ಯಾಸಿಯೊ ಕಂಪನಿ 1980ರಲ್ಲಿ ತನ್ನ ಮೊದಲ ಕೀಬೋರ್ಡ್ ತಂದಿತು. ನಮ್ಮ ಮೇಳಗಳಲ್ಲಿ ಯಾವ ಕಂಪನಿಯ ಕೀಬೋರ್ಡಾದರೂ ‘ಕ್ಯಾಸಿಯೊ’ವೇ. ರೋಲಂಡ್ ಕಂಪನಿ 1985ರಲ್ಲಿ ಮಾಡಿದ ಆಕ್ಟೊಪ್ಯಾಡ್ ರಸಮಂಜರಿಯವರ ಬಾಯಲ್ಲಿ ಬರೀ ‘ಪ್ಯಾಡ್’. ಢೋಲಕ್, ತಬಲಾ, ಹಲಗಿಯ ಸದ್ದನ್ನೆಲ್ಲ ಒಬ್ಬನೇ ಇದರ ಮೇಲೆ ಎರಡು ಕೋಲಿನಿಂದ ತೆಗೆಯಬಲ್ಲ. ಖರ್ಚು ಉಳಿಯಿತು, ನಾಲ್ಕು ಜನರ ಕೆಲಸವೂ ಹೋಯಿತು. ಇನೊಯೆ ದೈಸುಕೆ 1971ರಲ್ಲಿ ಕೋಬೆಯಲ್ಲಿ ಬಾಡಿಗೆಗೆ ಕೊಡಲು ಶುರುಮಾಡಿದ ಕ್ಯಾರಿಯೋಕೆ ಯಂತ್ರದ ಸಂತಾನವೇ ಇವತ್ತಿನ ‘ಟ್ರ್ಯಾಕ್’, ಅಂದರೆ ಮೊದಲೇ ಮುದ್ರಿಸಿಟ್ಟ ಹಿಮ್ಮೇಳ. ಜಾತ್ರೆಯ ವೇದಿಕೆಯ ಮೇಲೆ ಈಗ ಗಾಯಕನೂ ಲ್ಯಾಪ್‌ಟಾಪೂ ಇದ್ದರೆ ಸಾಕು.

2016ರ ನಂತರ ಅಗ್ಗದ ಡೇಟಾ ಬಂದು ಜನಪದ ಹಾಡು ಯೂಟ್ಯೂಬಿಗೆ ಏರಿತು. ಮಾಳು ನಿಪನಾಳ ಅವರ ‘ನಾ ಡ್ರೈವರ್’ ರಾಜ್ಯವನ್ನೆಲ್ಲ ಸುತ್ತಿತು. ನಮ್ಮ ಆಡುಮಾತಿನ ಹಾಡು ಮೈಸೂರು, ಮಂಗಳೂರು ಮುಟ್ಟಿದ್ದು ಸಂತೋಷದ ಮಾತು. ಆದರೆ ಮೆರವಣಿಗೆಯಲ್ಲಿ ಡಿಜೆಯ ಪೆಟ್ಟಿಗೆಗಳು ಬ್ಯಾಂಜೊದ ಜಾಗ ಹಿಡಿದಿವೆ. ‘ಇನ್ನೊಮ್ಮಿ ಬಾರ್ಸೋ’ ಎಂದು ಕೇಳಲು ಎದುರಿಗೆ ವಾದಕನೇ ಇಲ್ಲ.

ಹಲಸಂಗಿ ಗೆಳೆಯರು ತಮ್ಮ ಕಾಲದ ಹಾಡನ್ನು ಊರೂರು ತಿರುಗಿ ಬರೆದುಕೊಂಡರು. ಬ್ಯಾಂಜೊ ಪಾರ್ಟಿಯ ಹಾಡಿಗೆ ಬರವಣಿಗೆ ಸಾಲದು, ಧ್ವನಿಮುದ್ರಣವೇ ಬೇಕು. ಹಾವೇರಿ ಜಿಲ್ಲೆ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಇದನ್ನು ‘ಸಿನಿಮಾ ಹಾಡು’ ಎಂದು ಬದಿಗಿಡದೆ ಕೈಗೆತ್ತಿಕೊಳ್ಳಬೇಕು. ಲಗ್ನಸರಾಯಿ ಮುಗಿದು ಮೇಳದವರು ಮನೆಯಲ್ಲಿರುವ ಮಳೆಗಾಲವೇ ಅದಕ್ಕೆ ಸರಿಯಾದ ಹೊತ್ತು. ಮನೆಮನೆಯಲ್ಲಿ ಮೂಲೆಗೆ ಬಿದ್ದಿರುವ ಜನಪದ ಕ್ಯಾಸೆಟ್ಟುಗಳನ್ನೂ ಅದೇ ಸುತ್ತಿನಲ್ಲಿ ಕೂಡಿಹಾಕಬಹುದು. ಟೇಪಿಗೆ ಬೂಸ್ಟು ಹಿಡಿಯುವುದರೊಳಗೆ ಈ ಕೆಲಸ ಆಗಬೇಕು.